ದೆವ್ವಕ್ಕೆ ತುಂಬಿದ ಉಡಿ

ಒಂದು ಹಳೆಯ ಮನೆಯಲ್ಲಿ ಹೆಣ್ಣು ದೆವ್ವವಿದೆ ಎಂದು ಯಾರಾದರೂ ಹೇಳಿದಾಗ, ಆ ದೆವ್ವಕ್ಕೆ ತಂಗಿಯೊಬ್ಬಳು ಇದ್ದಿರಬಹುದೇ ಎಂದು ನೀವು ಎಂದಾದರೂ ಕೇಳಿದ್ದೀರಾ?

ನಾನು ಕೇಳಿರಲಿಲ್ಲ. ದೆವ್ವವೇ ಇಲ್ಲವೆಂದು ಸಾಧಿಸುವ ಉತ್ಸಾಹದಲ್ಲಿ ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ಧಾರವಾಡದಲ್ಲಿ ಓದುತ್ತಿದ್ದಾಗ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ವಿಷಯ ಯಾವುದೇ ಇರಲಿ, ಪರವಾಗಿ ಎಂದರೆ ಪರವಾಗಿ, ವಿರೋಧವಾಗಿ ಎಂದರೆ ವಿರೋಧವಾಗಿ ಮಾತನಾಡಿ, ಎಚ್ಚರಿಕೆಯ ಗಂಟೆ ಬಾರಿಸುವುದರೊಳಗೆ ಎದುರಾಳಿಯ ವಾದದ ಬುಡವನ್ನು ಅಲುಗಿಸಿ ಕುಳಿತುಕೊಳ್ಳುವುದು ನನಗೆ ರೂಢಿಯಾಗಿತ್ತು. ಅಣ್ಣಿಗೇರಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸಲು ಸೇರಿದ ಮೇಲೆ ಆ ರೂಢಿಯನ್ನು ಊರೂರಿಗೆ ಒಯ್ದೆ. ಮೈಮೇಲೆ ಬಂದಿದೆ ಎಂದು ಹೇಳಿ ಹೆಂಗಸರನ್ನು ಬೇವಿನ ಟೊಂಗೆಯಿಂದ ಬಡಿಯುವುದರ ವಿರುದ್ಧ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೀದಿ ನಾಟಕ ಆಡಿಸಿದೆ. ಜನ ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲ ಮುಗಿದ ಮೇಲೆ ಯಾರಾದರೊಬ್ಬ ಹೆಂಗಸು ಹತ್ತಿರ ಬಂದು, "ನೀವು ಹೇಳೂದು ಖರೇ ಐತ್ರಿ. ಆದ್ರ ನಮ್ಮ ಮನ್ಯಾಗ ಇರೂದು ಮಾತ್ರ ಖರೇನ ದೆವ್ವರಿ" ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದಳು.

ಅಂಥ ಒಂದು ನಾಟಕವನ್ನು ನೋಡಿದ್ದ ನಿರ್ದೇಶಕರೊಬ್ಬರು ಒಂದು ದಿನ ಫೋನ್ ಮಾಡಿದರು. ಹುಬ್ಬಳ್ಳಿಯವರು. ನಮ್ಮ ಭಾಗದ ಹಳೆಯ ಕಾದಂಬರಿಯೊಂದನ್ನು ಟಿವಿ ವಾಹಿನಿಯೊಂದಕ್ಕಾಗಿ ಚಿತ್ರ ಮಾಡಲು ಹೊರಟಿದ್ದರು. ಚಿತ್ರಕಥೆಯನ್ನೂ ಸಂಭಾಷಣೆಯನ್ನೂ ನಾನು ಬರೆಯಬೇಕೆಂದು ಅವರ ಬೇಡಿಕೆ.

ಆ ಕಾದಂಬರಿಯನ್ನು ನನ್ನ ತಾಯಿಯ ವಾರಿಗೆಯವರು ಬಾಗಿಲು ಹಾಕಿಕೊಂಡು ಓದುತ್ತಿದ್ದರಂತೆ. ನವಲಗುಂದದ ಕಡೆಯ ಎರೆ ಹೊಲಗಳ ನಡುವೆ ಒಂದು ವಾಡೆ. ಎತ್ತರದ ಕಲ್ಲುಗೋಡೆ, ಆನೆ ಹೋಗುವಷ್ಟು ದೊಡ್ಡ ಬಾಗಿಲು, ಹಗಲಿನಲ್ಲೂ ದೀಪ ಬೇಡುವ ಪಡಸಾಲೆ. ಓದಿ ಬಂದ ಕಿರಿಯ ವಾರಸುದಾರನಿಗೆ ಮಾಳಿಗೆಯ ಕೋಣೆಯಿಂದ ಬಳೆಗಳ ಸದ್ದು ಕೇಳುತ್ತದೆ. ಕೇಳಿದರೆ ಮನೆಯ ಹಿರಿಯರು ಮಾತು ಮರೆಸುತ್ತಾರೆ. ಮನೆಯ ಗಂಡಸರು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಯ ಅಧ್ಯಾಯದಲ್ಲಿ ಅವನು ಬೀಗ ಒಡೆಯುತ್ತಾನೆ. ಒಳಗಿರುವುದು ಎಂದೋ ಸತ್ತ ಹಿರಿಯ ಸೊಸೆಯ ದೆವ್ವ. ದೀಪ ಉರುಳುತ್ತದೆ, ವಾಡೆ ಸುಟ್ಟು ಬೂದಿಯಾಗುತ್ತದೆ. ಹೆದರಿಸುವ ಕಲೆಯಲ್ಲಿ ಆ ಲೇಖಕ ನಿಪುಣ. ಮೊದಲ ಓದಿನಲ್ಲಿ ನಾನೂ ಹೆದರಿದ್ದೆ. ಚಿತ್ರಕಥೆಗೆಂದು ಮತ್ತೆ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಆ ಹೆಂಗಸಿಗೆ ಇಡೀ ಪುಸ್ತಕದಲ್ಲಿ ಅಳುವಿದೆ, ನಗುವಿದೆ, ಬಳೆಯ ಸದ್ದಿದೆ. ಮಾತು ಮಾತ್ರ ಒಂದೂ ಇಲ್ಲ.

ನನ್ನ ಯೋಜನೆ ಸ್ಪಷ್ಟವಾಗಿತ್ತು. ಆಕೆ ದೆವ್ವವಲ್ಲ, ಕಾಯಿಲೆಯಾದ ಒಬ್ಬ ಸೊಸೆ. ಆಕೆಗೆ ಬೇಕಾಗಿದ್ದದ್ದು ವೈದ್ಯರು, ಗಾಳಿ, ಬೆಳಕು. ಮನೆಯವರು ಕೊಟ್ಟದ್ದು ಬೀಗ. ಇದನ್ನು ನಿರ್ದೇಶಕರಿಗೆ ವಿವರಿಸಿದೆ. ಅವರು ಸಹನೆಯಿಂದ ಕೇಳಿ ನಕ್ಕರು.

"ಮ್ಯಾಡಮ್, ನೀವು ಭಾಷಣಾ ಬರೀಬ್ಯಾಡ್ರಿ, ದೃಶ್ಯಾ ಬರೀರಿ. ದೆವ್ವ ಇಲ್ಲಂತ ಹೇಳಬೇಕಂದ್ರ ಮೊದಲು ನಾಕ ಮಂದಿ ಟಿವಿ ಮುಂದ ಕುಂಡ್ರಬೇಕಲ್ರಿ."

ಆ ದಿನಗಳಲ್ಲೇ ಒಮ್ಮೆ ತರಗತಿಯಲ್ಲಿ ಕಾದಂಬರಿಯ ಕೆಲವು ಪುಟಗಳನ್ನು ಓದಿ ಹೇಳಿದೆ. ಪಾಠ ಮುಗಿದು ಎಲ್ಲರೂ ಹೊರಗೆ ಹೋದ ಮೇಲೆ ಒಬ್ಬ ಹುಡುಗಿ ಬೆಂಚು ಬಿಟ್ಟು ಏಳಲಿಲ್ಲ.

"ಮ್ಯಾಡಮ್, ಆ ಪುಸ್ತಕದಾಗ ಇರಾಕಿ ನಮ್ಮ ಆಯಿಯ ಅಕ್ಕರಿ."

"ಯಾರು?"

"ದೆವ್ವರಿ."

ಆಕೆಯ ಮುಖದಲ್ಲಿ ನಗುವಿರಲಿಲ್ಲ.

ಆ ಭಾನುವಾರವೇ ಆಕೆಯ ಊರಿಗೆ ಹೋದೆ. ಕುಂದಗೋಳ ತಾಲೂಕಿನ ಹಳ್ಳಿ, ತುಂಬಿದ ಮನೆ. ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ರಾಶಿ. ಅದರ ಮುಂದೆ ಕಾಲು ಚಾಚಿ ಕುಳಿತು ತೊಟ್ಟು ಮುರಿಯುತ್ತಿದ್ದ ಸಣ್ಣ ದೇಹದ ಮುದುಕಿ. ಹಣೆಯಲ್ಲಿ ವಿಭೂತಿ ಮಾತ್ರ. ಅವರೇ ನನ್ನ ವಿದ್ಯಾರ್ಥಿನಿಯ ಅಜ್ಜಿ. ಮನೆಯವರಂತೆ ನೆರೆಹೊರೆಯವರೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದರು.

"ಆ ಬಾಜು ಸರಕೊಂಡ ಕುಂದರ್ರಿ, ಘಾಟ ಹತ್ತತೈತಿ" ಎಂದರು. ಆಮೇಲೆ, ಯಾರೂ ಕೇಳುವ ಮೊದಲೇ, "ನನ್ನ ಅಕ್ಕನ್ನ ಟಿವಿಯೊಳಗ ತರ್ತೀರಂತ?" ಎಂದರು.

ಅವರು ಹೇಳಿದ್ದನ್ನು ಹೇಳಿದಷ್ಟೇ ಇಲ್ಲಿ ಬರೆಯುತ್ತೇನೆ. ಅಕ್ಕನನ್ನು ಆ ವಾಡೆಗೆ ಕೊಟ್ಟಿದ್ದರು. ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಆಮೇಲೆ ಅಕ್ಕ ಉಣ್ಣುವುದನ್ನು ಬಿಟ್ಟಳು, ಮಾತು ಬಿಟ್ಟಳು. ಕೂಸನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕುಳಿತುಬಿಡುತ್ತಿದ್ದಳು. ಅಲ್ಲಿಂದ ಏನೋ ಮೆಟ್ಟಿಕೊಂಡಿದೆ ಎಂದು ವಾಡೆಯವರು ಮಾಳಿಗೆಯ ಕೋಣೆಯಲ್ಲಿ ಕೂಡಿ ಹಾಕಿದರು. ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆದೊಯ್ಯಲು ತಂದೆ ಚಕ್ಕಡಿ ಹೂಡಿಕೊಂಡು ಹೋದಾಗ ಆಯಿಯೂ ಜೊತೆಗಿದ್ದರು. ಆಗ ಅವರು ಲಂಗ ಉಡುವ ಹುಡುಗಿ. ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಉಂಡಿಯ ಗಂಟು.

ಹಿರಿಯರು ಕೆಳಗೆ ಚಹಾ ಕುಡಿಯುತ್ತ, "ಆಕಿಗೆ ಆರಾಮಿಲ್ಲ, ಬರೂ ವರ್ಷ ಕರಕೊಂಡ ಹೋಗ್ರಿ" ಎಂದು ಮಾತು ಮುಗಿಸುತ್ತಿದ್ದಾಗ ಹುಡುಗಿ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಬೀಗ. ಕೆಳಗೆ ಹೊಸ್ತಿಲ ಹತ್ತಿರ ಸಣ್ಣ ಸಂದು.

"ಒಳಗಿಂದ ಅಕ್ಕ ಕೇಳಿದ್ಲು, ಉಂಡಿ ತಂದೀಯೇನ ಅಂತ. ಹೂಂ ಅಂದೆ. ಉಂಡಿ ಸಂದ್ಯಾಗ ಹಿಡೀಲಿಲ್ಲ. ಮುರದ ಮುರದ ಒಳಗ ನೂಕಿದೆ. ಬೆರಳ ಬಂದು ತಗೊಂಡ್ವು." ಆಯಿ ಇನ್ನೊಂದು ಮೆಣಸಿನಕಾಯಿಯನ್ನು ಕೈಗೆತ್ತಿಕೊಂಡರು. "ಅವ್ವ ಈ ಸಲ ಕೊಬ್ರಿ ಹಾಕ್ಯಾಳಲ್ಲ ಅಂದ್ಲು. ದೆವ್ವಕ್ಕ ಕೊಬ್ರಿ ರುಚಿ ಗೊತ್ತಾಗತೈತೇನ್ರಿ?"

ಇಲ್ಲವೆಂದು ತಲೆಯಲ್ಲಾಡಿಸಿದೆ.

"ಕರಿಯಾಕ ಬಂದೀರೇನ ಅಂದ್ಲು. ಹೂಂ ಅಂದೆ. ತಡಿ, ಸೀರಿ ಉಟ್ಕೋತೀನಿ ಅಂದ್ಲು. ಬಾಗಲ ಹಿಂದ ಸೀರಿ ಝಾಡಿಸೂ ಸಪ್ಪಳ ಕೇಳತಿತ್ತು. ಕೆಳಗಿಂದ ಅಪ್ಪ ಕರದ. ನಾ ಇಳದ ಬಂದೆ. ಆಕಿ ಉಟ್ಕೋತನ ಇದ್ಲು."

ಮುಂದಿನ ಪಂಚಮಿಯ ಹೊತ್ತಿಗೆ ಅಕ್ಕ ಇರಲಿಲ್ಲ. ಹಿತ್ತಿಲ ಬಾಗಿಲಿನಿಂದ ಒಯ್ದರಂತೆ. ಉಡಿಯನ್ನೂ ತುಂಬಲಿಲ್ಲವಂತೆ.

ಉಡಿ ತುಂಬುವುದೆಂದರೆ ನಮ್ಮ ಕಡೆಯ ಹೆಂಗಸಿನ ಬದುಕಿನ ಎಲ್ಲ ಹೊಸ್ತಿಲುಗಳಲ್ಲೂ ನಡೆಯುವ ಕ್ರಿಯೆ. ತವರಿಗೆ ಹೊರಟಾಗ, ತವರಿನಿಂದ ಮರಳುವಾಗ, ಬಸುರಿಯಾದಾಗ, ಮುತ್ತೈದೆಯರು ಆಕೆಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಕುಪ್ಪಸದ ಖಣ ಹಾಕುತ್ತಾರೆ. ಮುತ್ತೈದೆಯಾಗಿ ಸತ್ತವಳನ್ನೂ ಉಡಿ ತುಂಬಿಯೇ ಕಳಿಸುತ್ತಾರೆ. ಆಯಿಯ ಅಕ್ಕನ ಸೆರಗು ಬರಿದಾಗಿಯೇ ಹೋಯಿತು.

"ಸಿನಿಮಾದಾಗರ ಆಕೀನ್ನ ಮುಂದಿನ ಬಾಗಲಿಂದ ಹೊರಗ ತರ್ರಿ" ಎಂದರು ಆಯಿ. "ಉಡಿ ತುಂಬಿ ತರ್ರಿ. ನಾ ಒಂದ್ಸಲ ನೋಡ್ತೀನಿ."

ನಾನು ಅಲ್ಲಿಯೂ ವಾದಿಸಿದೆ. ಎಷ್ಟೇ ಮೃದುವಾಗಿ ಹೇಳಿದ್ದರೂ ಅದು ವಾದವೇ. ಆಕೆ ಹೊರಗೆ ಬಂದಳೆಂದು ತೋರಿಸಿದರೆ ಕೂಡಿ ಹಾಕಿದವರ ತಪ್ಪು ಮುಚ್ಚಿಹೋಗುತ್ತದೆ. ನಡೆಯದೇ ಇದ್ದುದನ್ನು ನಡೆದಂತೆ ತೋರಿಸುವುದು ಸತ್ತವರಿಗೂ ಮಾಡುವ ಅನ್ಯಾಯ ಎಂದೆ. ನನ್ನ ಇನ್ನೊಂದು ಆಕ್ಷೇಪವನ್ನು ನಾಲಗೆಯ ತುದಿಯಲ್ಲೇ ತಡೆದೆ. ಗಂಡ ಸತ್ತ ದಿನದಿಂದ ಆಯಿಯನ್ನೇ ಹೊರಗಿಟ್ಟಿದ್ದ ಶಾಸ್ತ್ರ ಅದು. ಅದನ್ನು ಅವರೇ ಬೇಡುತ್ತಿದ್ದರು.

ಆಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಆ ಪುಸ್ತಕ ಬರದಾಂವ ಖರೇ ಬರದಾನೇನ್ರಿ? ಅಂವ ಒಂದ ಸುಳ್ಳ ಹೇಳಿ ಆಕೀನ್ನ ದೆವ್ವ ಮಾಡಿದಾ. ನಿಮಗ ಒಂದ ಸುಳ್ಳ ಹೇಳಾಕ ಆಗೂದಿಲ್ಲೇನು?"

ಸ್ಪರ್ಧೆಯಾಗಿದ್ದರೆ ಎರಡನೆಯ ಸುತ್ತಿನಲ್ಲಿ ಉತ್ತರಿಸಲು ನನಗೆ ಅವಕಾಶವಿರುತ್ತಿತ್ತು. ಅಲ್ಲಿ ನಾನು, "ಬರೀತೀನಿ ಆಯಿ" ಎಂದೆ.

ಬರೆದೆ. ಚಿತ್ರದ ಉದ್ದಕ್ಕೂ ಕಾದಂಬರಿಯ ಕತ್ತಲೆಯನ್ನು ಹಾಗೆಯೇ ಇಟ್ಟೆ: ಬಳೆಯ ಸದ್ದು, ಹಿರಿಯರ ಮೌನ, ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬೆಳಕು. ಕೊನೆಯಲ್ಲಿ ಮಾತ್ರ ಬೀಗ ಒಡೆದಾಗ ಒಳಗೆ ಒಬ್ಬ ಹೆಂಗಸು ಸೀರೆ ಉಟ್ಟುಕೊಂಡು, ತಲೆ ಬಾಚಿಕೊಂಡು, ಕರೆಯಲು ಬರುವವರಿಗಾಗಿ ಕಾದು ಕುಳಿತಿರುತ್ತಾಳೆ. ತಂಗಿ ಬಂದಿರುತ್ತಾಳೆ. ಊರಿನ ಹೆಂಗಸರು ಉಡಿ ತುಂಬುತ್ತಾರೆ. ಅಕ್ಕ ಮುಂಬಾಗಿಲ ಹೊಸ್ತಿಲು ದಾಟುತ್ತಾಳೆ. ನಿರ್ದೇಶಕರು ಆ ಪುಟಗಳನ್ನು ಎರಡು ಸಲ ಓದಿದರು.

"ಅಗದಿ ಚಂದ ಐತ್ರಿ. ಆದ್ರ ವಾಹಿನಿಯವ್ರಿಗೆ ಬೆಂಕಿ ಬೇಕು."

ನಾನು ವಾದಿಸಿದೆ. ಈ ಸಲ ಗೆದ್ದೆ. ಶೂಟಿಂಗ್ ಮಾಡೋಣ, ಕಣ್ಣಿಂದ ನೋಡಿದ ಮೇಲೆ ವಾಹಿನಿಯವರೂ ಒಪ್ಪುತ್ತಾರೆ ಎಂದರು ನಿರ್ದೇಶಕರು.

ಕಾದಂಬರಿಗೆ ಮೂಲವಾದ ವಾಡೆ ಎಂದೋ ಬಿದ್ದುಹೋಗಿ, ಅದರ ಕಲ್ಲುಗಳು ಊರವರ ಕಂಪೌಂಡುಗಳಿಗೆ ಸೇರಿದ್ದವು. ಆದ್ದರಿಂದ ನವಲಗುಂದ ತಾಲೂಕಿನ ಇನ್ನೊಂದು ಹಳ್ಳಿಯ ವಾಡೆಯಲ್ಲಿ ಚಿತ್ರೀಕರಣವಾಯಿತು. ಅಕ್ಕನ ಪಾತ್ರಕ್ಕೆ ಧಾರವಾಡದ ನಾಟಕ ತಂಡದ ಹುಡುಗಿ. ಉಡಿ ತುಂಬುವವರು ಅದೇ ಊರಿನ ಐವರು ಹೆಂಗಸರು. ಮುಖಕ್ಕೆ ಬಣ್ಣ ಬೇಡವೆಂದಿದ್ದರೂ ಎಲ್ಲರೂ ಪೌಡರ್ ಹಚ್ಚಿಕೊಂಡು, ಪೆಟ್ಟಿಗೆಯ ತಳದ ಇಳಕಲ್ ಸೀರೆ ಉಟ್ಟು ಬಂದಿದ್ದರು. ಪಡಸಾಲೆಯಲ್ಲಿ ನವಲಗುಂದದಿಂದ ತಂದ ನವಿಲಿನ ಜಮಖಾನೆ ಹಾಸಿತ್ತು. ಆಯಿಯನ್ನು ನನ್ನ ವಿದ್ಯಾರ್ಥಿನಿ ಕರೆದುಕೊಂಡು ಬಂದಿದ್ದಳು. ಅವರು ಕುರ್ಚಿ ಬೇಡವೆಂದು ಕಂಬಕ್ಕೆ ಒರಗಿ ಕೆಳಗೇ ಕುಳಿತರು. ಮಡಿಲಲ್ಲಿ ಒಂದು ಸಣ್ಣ ಕೈಚೀಲ.

ಮೊದಲ ಸಲ ಎಲ್ಲವೂ ಸರಿಯಾಗಿಯೇ ನಡೆಯಿತು. ಹುಡುಗಿ ಜಮಖಾನೆಯ ಮೇಲೆ ಕುಳಿತು ಸೆರಗು ಒಡ್ಡಿದಳು, ಹೆಂಗಸರು ಒಬ್ಬೊಬ್ಬರಾಗಿ ಬಂದು ಅರಿಶಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ಇನ್ನೇನು ಆಕೆ ಏಳಬೇಕು, ಅಷ್ಟರಲ್ಲಿ ಹೊರಗಿನ ಓಣಿಯಲ್ಲಿ ಟ್ರ್ಯಾಕ್ಟರೊಂದು ಗೋಡೆ ನಡುಗುವಂತೆ ಹಾಡು ಹಾಕಿಕೊಂಡು ಹಾದುಹೋಯಿತು. ನಿರ್ದೇಶಕರು ತಲೆ ಚಚ್ಚಿಕೊಂಡು, "ಇನ್ನೊಂದ್ಸಲ" ಎಂದರು. ಸಹಾಯಕ ತಟ್ಟೆ ಹಿಡಿದು ಬಂದು, "ಅಕ್ಕಾರ, ಉಡಿಯೊಳಗಿಂದು ಇದರಾಗ ಸುರೀರಿ" ಎಂದು ನಟಿಗೆ ಹೇಳಿದ.

ಐವರೂ ಒಟ್ಟಿಗೆ ಕೂಗಿಕೊಂಡರು.

"ಏ ಏ! ತುಂಬಿದ ಉಡಿ ಬರೇದ ಮಾಡ್ತಾರೇನೋ?"

"ಇದು ನಟನಾ ಐತ್ರಿ ಅವ್ವಾರ," ಎಂದರು ನಿರ್ದೇಶಕರು, "ಅದ ಅಕ್ಕಿ ಮತ್ತ ತುಂಬೂದು."

"ನಟನಾ ಇರಬಹುದ್ರಿ. ಅಕ್ಕಿ ಖರೇ ಅದಾವಲ್ಲ?" ಅವರಲ್ಲಿ ಹಿರಿಯಳಾದ, ದಪ್ಪ ಧ್ವನಿಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟಳು. "ಈ ಹುಡುಗಿ ಖರೇ ಅದಾಳಲ್ಲ? ನಾಳೆ ಈಕಿ ಸಂಸಾರಕ್ಕ ಹೆಚ್ಚು ಕಡಿಮಿ ಆದ್ರ ನಿಮ್ಮ ಕ್ಯಾಮರಾ ಬರತೈತೇನ್ರಿ ಉತ್ತರಾ ಹೇಳಾಕ?"

"ಆ ಹುಡುಗಿಗೆ ಇನ್ನಾ ಲಗ್ನನ ಆಗಿಲ್ಲ" ಎಂದು ಯಾರೋ ಹೇಳಿದರು.

"ಹಂಗಾದ್ರ ಇನ್ನಾ ಜ್ವಾಕಿ ಮಾಡಬೇಕು!"

ನಟಿ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕುಳಿತಿದ್ದಳು. ಕೊನೆಗೆ ನಿರ್ದೇಶಕರೇ ಸೋತರು. ತುಂಬಿದ್ದನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ ಆಕೆಗೇ ಕೊಟ್ಟರು. ಹೆಂಗಸರು ತಮ್ಮ ತಮ್ಮ ಮನೆಗೆ ಓಡಿ ಹೊಸದಾಗಿ ಅಕ್ಕಿ, ಕೊಬ್ಬರಿ ತಂದರು. ಎಲ್ಲ ಬಂತು. ಖಣ ಮಾತ್ರ ಬಂದಿರಲಿಲ್ಲ. ತರುತ್ತೇನೆ ಎಂದವಳ ಮನೆಯವರು ಬೀಗ ಹಾಕಿಕೊಂಡು ಹೋಗಿದ್ದರಂತೆ.

ಆಗ ಕಂಬದ ಬುಡದಿಂದ ಆಯಿ ತಮ್ಮ ಕೈಚೀಲವನ್ನು ಮುಂದೆ ನೂಕಿದರು. ಅದರಲ್ಲಿ ಹೊಚ್ಚ ಹೊಸ ಖಣವೊಂದಿತ್ತು. ಬರುವಾಗ ನವಲಗುಂದದ ಪೇಟೆಯಲ್ಲಿ ಬಸ್ಸಿಳಿದು ಕೊಂಡಿದ್ದರಂತೆ.

"ತಗೋರಿ, ಇದನ್ನ ಹಾಕ್ರಿ" ಎಂದರು ಆ ಹೆಂಗಸರಿಗೆ.

"ನೀವ ಹಾಕ್ರಿ ಆಯಿ" ಎಂದೆ ನಾನು.

 ಆಯಿ ನನ್ನನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದರು. "ಏ ಹುಚ್ಚಿ. ಕುಂಕುಮ ಇಲ್ಲದ ಕೈ ಇವು."

ನನ್ನಲ್ಲಿ ಉತ್ತರಗಳು ಬೇಕಾದಷ್ಟಿದ್ದವು. ಎಷ್ಟೋ ಊರುಗಳಲ್ಲಿ ಎಷ್ಟೋ ಸಲ ಹೇಳಿದ ಮಾತುಗಳವು. ಆದರೆ ಮೊದಲು ಬಾಯಿ ಬಿಟ್ಟವಳು ಆ ದಪ್ಪ ಧ್ವನಿಯ ಹೆಂಗಸು. ಆಯಿಯ ಕಡೆ ನೋಡದೆ, ತನ್ನ ಬಳೆಗಳನ್ನು ಹಿಂದಕ್ಕೆ ಸರಿಸಿಕೊಳ್ಳುತ್ತ, "ಹಾಕ್ಲಿ ಬಿಡ್ರಿ. ಸಿನಿಮಾ ಅಲ್ಲೇನು?" ಎಂದಳು.

ಈಗಷ್ಟೇ ಅಕ್ಕಿ ನಿಜವೆಂದು ಜಗಳ ಕಾಯ್ದವಳು, ಮರುಗಳಿಗೆಯಲ್ಲಿ ಇದೆಲ್ಲ ಸಿನಿಮಾ ಎಂದಳು. ಆ ವಿರೋಧಾಭಾಸ ನನಗೆ ಕಾಣದೆ ಇರಲಿಲ್ಲ. ಅದನ್ನು ಎತ್ತಿ ತೋರಿಸಿದ್ದರೆ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅವಳಿಗೂ ಅದು ಗೊತ್ತಿತ್ತೆಂದು ಈಗ ನನಗೆ ಅನಿಸುತ್ತದೆ.

ಆಯಿ ಎದ್ದರು. ಕ್ಯಾಮೆರಾ ಓಡುತ್ತಿದೆಯೆಂದು ಅವರಿಗೆ ಯಾರೂ ಹೇಳಲಿಲ್ಲ. ಹೆಂಗಸರು ಉಡಿ ತುಂಬಿದ ಮೇಲೆ ಅವರು ಜಮಖಾನೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡರು. ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಕೆಂಪಾಗಿದ್ದ ಬೆರಳುಗಳ ಸಂದಿನಿಂದ ನಾಲ್ಕು ಕಾಳು ಉದುರಿದವು. ಅವನ್ನೂ ಹೆಕ್ಕಿ ಸೆರಗಿಗೆ ಹಾಕಿದರು. ಕೊಬ್ಬರಿ ಬಟ್ಟಲು ಇಟ್ಟು, ಮೇಲೆ ಖಣ ಇಟ್ಟು, ಸೆರಗಿನ ಚುಂಗನ್ನು ತಾವೇ ಒಳಗೆ ಸಿಕ್ಕಿಸಿದರು. ನಟಿ ಅವರ ಕಾಲಿಗೆ ನಮಸ್ಕರಿಸಿದಳು. ನಾನು ಬರೆದ ಪ್ರಕಾರ ಆಕೆ ಈಗ ಒಬ್ಬಳೇ ನಡೆದು ಹೊಸ್ತಿಲು ದಾಟಬೇಕಿತ್ತು. ಆಯಿ ಆಕೆಯ ಮೊಣಕೈ ಹಿಡಿದುಕೊಂಡು, ನಾನು ಬರೆದಿರದ ಒಂದು ಮಾತನ್ನು ಆಡಿದರು.

"ಹೋಗೂಣು ನಡಿ ಅಕ್ಕಾ. ಹೊತ್ತಾತು."

ಮೊಮ್ಮಗಳಾಗುವಷ್ಟು ಚಿಕ್ಕವಳನ್ನು ಅಕ್ಕಾ ಎಂದು ಕರೆದು, ಆಕೆಯನ್ನು ಹಿಡಿದುಕೊಂಡು, ಆಯಿ ಮುಂಬಾಗಿಲಿನಿಂದ ಬಿಸಿಲಿಗೆ ಇಳಿದರು. ನಿರ್ದೇಶಕರು ಕಟ್ ಎನ್ನುವುದನ್ನು ಮರೆತರು. ಇಬ್ಬರೂ ಓಣಿಯ ತಿರುವಿನವರೆಗೆ ನಡೆದು ಹೋದರು.

ಚಿತ್ರ ಪ್ರಸಾರವಾದದ್ದು ಒಂದು ಭಾನುವಾರದ ಮಧ್ಯಾಹ್ನ. ನಾನು ಆಯಿಯ ಮನೆಗೇ ಹೋಗಿದ್ದೆ. ಪಡಸಾಲೆ ತುಂಬ ಜನ. ಆಯಿ ಮಡಿ ಸೀರೆ ಉಟ್ಟು ಟಿವಿಯ ಎದುರಿಗೇ ಕುಳಿತಿದ್ದರು. ಬಳೆಯ ಸದ್ದು ಬಂದಾಗಲೆಲ್ಲ ಚಿಕ್ಕ ಮಕ್ಕಳು ಚೀರಿ ನಗುತ್ತಿದ್ದರು. ಆಯಿಗೆ ಅದಾವುದರಲ್ಲೂ ಆಸಕ್ತಿಯಿರಲಿಲ್ಲ. ಜಾಹೀರಾತು ಬಂದಾಗಲೆಲ್ಲ, "ಇನ್ನಾ ಬಂದಿಲ್ಲಲಾ?" ಎಂದು ಕೇಳುತ್ತಿದ್ದರು. "ಬರತೈತಿ ಆಯಿ, ಆಖೇರಿಗೆ ಐತಿ" ಎಂದು ನಾನು ಹೇಳುತ್ತಿದ್ದೆ.

ಆಖೇರಿಗೆ ಬೀಗ ಒಡೆಯಿತು. ಬಾಗಿಲು ತೆರೆಯಿತು. ಒಳಗೆ ಬರಿಯ ಕೋಣೆ. ಗಾಳಿಗೆ ಅಲುಗುವ ಒಂದು ಸೀರೆ, ಉರುಳುವ ದೀಪ, ಬೆಂಕಿ. ಬೆಂಕಿಯೊಳಗಿಂದ ಒಂದು ನಗು. ಅದರ ಮೇಲೆಯೇ ಹೆಸರುಗಳು ಏರತೊಡಗಿದವು. ನನ್ನ ಹೆಸರೂ ಬಂದು ಹೋಯಿತು. ಅದನ್ನು ಕಂಡು ಯಾರೋ ಚಪ್ಪಾಳೆ ತಟ್ಟಿದರು.

ಆಯಿ ಟಿವಿಯನ್ನೇ ನೋಡುತ್ತಿದ್ದರು. "ಇನ್ನ ಐತಿ?"

"ಮುಗೀತ ಆಯಿ" ಎಂದಳು ಮೊಮ್ಮಗಳು.

"ಹೊರಗ ಬರ್ಲಿಲ್ಲಲಾ ಆಕಿ."

 ಮುಂದಿನ ಕಾರ್ಯಕ್ರಮ ಶುರುವಾಗುವವರೆಗೂ ಆಯಿ ಕದಲಲಿಲ್ಲ. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಬಿಡವ್ವಾ. ನೀ ಬರದಿದ್ದಿ" ಎಂದು ಹೇಳಿ ಒಳಗೆ ಹೋದರು. ಒಮ್ಮೆ ಹುಚ್ಚಿ ಎಂದದ್ದನ್ನು ಬಿಟ್ಟರೆ, ನನಗೆ ಅವರು ರಿ ಹಚ್ಚದೆ ಮಾತಾಡತೊಡಗಿದ್ದು ಆ ದಿನದಿಂದ.

ಮರುದಿನ ನಿರ್ದೇಶಕರು ಫೋನಿನಲ್ಲಿ ಬಹಳ ಹೊತ್ತು ಕ್ಷಮೆ ಕೇಳಿದರು. ಉಡಿಯ ದೃಶ್ಯದಿಂದ ಭಯವೆಲ್ಲ ಇಳಿದುಹೋಗುತ್ತದೆ, ಕಾದಂಬರಿ ಓದಿದವರು ಬೆಂಕಿಯನ್ನೇ ಕಾಯುತ್ತಿರುತ್ತಾರೆ ಎಂದು ವಾಹಿನಿಯವರು ಪಟ್ಟು ಹಿಡಿದರಂತೆ. ಬೆಂಕಿಯನ್ನು ಬೇರೊಂದು ದಿನ, ಬೇರೆಲ್ಲೋ ಚಿತ್ರೀಕರಿಸಿದ್ದರಂತೆ. "ಹೇಳಾಕ ಧೈರ್ಯ ಆಗ್ಲಿಲ್ಲ ಮ್ಯಾಡಮ್" ಎಂದರು. ನಾನು ಆ ತುಣುಕನ್ನಾದರೂ ಕೊಡಿ ಎಂದೆ. ಆಯಿಗೆ ಒಮ್ಮೆ ತೋರಿಸುತ್ತೇನೆ, ಬೇರೇನೂ ಮಾಡುವುದಿಲ್ಲ ಎಂದೆ. ಬಳಸದೆ ಉಳಿದದ್ದನ್ನೆಲ್ಲ ಆಗಲೇ ಅಳಿಸಿಬಿಟ್ಟಿದ್ದರಂತೆ. ನಾನು ವಾಹಿನಿಯವರನ್ನೂ ಕಂಡೆ. ಒಬ್ಬ ಸಭ್ಯ ಅಧಿಕಾರಿ ನನ್ನ ವಾದವನ್ನೆಲ್ಲ ಕೇಳಿ, ಅದರಲ್ಲಿ ಸತ್ಯವಿದೆ ಎಂದೂ ಒಪ್ಪಿ, ಚಹಾ ಕೊಟ್ಟು ಕಳಿಸಿದರು. ಒಪ್ಪಿದ ಮೇಲೆ ವಾದಕ್ಕೆ ಇನ್ನೇನು ಉಳಿಯುತ್ತದೆ?

ಹಾಗಾಗಿ ಆಯಿ ಅಕ್ಕನ ಉಡಿ ತುಂಬಿ ಹೊರಗೆ ಕರೆದುಕೊಂಡು ಹೋದದ್ದು ಈಗ ಎಲ್ಲಿಯೂ ಇಲ್ಲ. ಕಾದಂಬರಿಯಲ್ಲಿಲ್ಲ, ಚಿತ್ರದಲ್ಲಿಲ್ಲ. ಅಂದು ಪಡಸಾಲೆಯಲ್ಲಿದ್ದವರ ಕಣ್ಣಲ್ಲಿದೆ.

ನನ್ನ ವಿದ್ಯಾರ್ಥಿನಿಗೆ ಮುಂದಿನ ವರ್ಷ ಮದುವೆಯಾಯಿತು. ಬಸುರಿಯಾದಾಗ ತವರಿನಲ್ಲಿ ಸೀಮಂತದ ಕುಬಸ ಮಾಡಿದರು, ನನ್ನನ್ನೂ ಕರೆದಿದ್ದರು. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟು, ಆಕೆ ಅದೇ ಪಡಸಾಲೆಯಲ್ಲಿ ಕುಳಿತಿದ್ದಳು. ಹೆಂಗಸರು ಸುತ್ತ ನೆರೆದು ಗಂಡನ ಹೆಸರು ಹೇಳೆಂದು ಕಾಡುತ್ತಿದ್ದರು, ನಗುತ್ತಿದ್ದರು. ಉಡಿ ತುಂಬುವ ಹೊತ್ತಾಯಿತು. ಆಕೆ ಒಳಮನೆಯ ಬಾಗಿಲ ಕಡೆ ನೋಡಿ ಕರೆದಳು.

"ಆಯೀ, ಬಾ ಬೇ."

ಆಯಿ ಬರಲಿಲ್ಲ. ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ಬೇಡವೆಂದು ಯಾರೂ ಹೇಳಲಿಲ್ಲ. ಬರಲಿ ಎಂದೂ ಯಾರೂ ಹೇಳಲಿಲ್ಲ.

ನಾನು ಎದ್ದು ಒಳಗೆ ಹೋದೆ. ಆಯಿ ಬಾಗಿಲ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು. ಅಲ್ಲಿಂದ ಮೊಮ್ಮಗಳ ಸೆರಗು ಮಾತ್ರ ಕಾಣುತ್ತಿತ್ತು.

"ಬರ್ರಿ ಆಯಿ" ಎಂದೆ. "ಆವತ್ತು ನೀವ ತುಂಬಿದ್ರಲ್ಲ."

"ಅದು ಸಿನಿಮಾ ಇತ್ತವ್ವಾ."

"ಅಕ್ಕಿ ಖರೇ ಇದ್ದುವಲ್ಲ, ಆಯಿ?"

"ಅಕ್ಕಿ ಖರೇ ಇದ್ದುವು." ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಆ ಹುಡುಗಿ ಅಕ್ಕ ಅಲ್ಲಂತ ನನಗ ಗೊತ್ತಿತ್ತು. ಈಕಿ ನನ್ನ ಮೊಮ್ಮಗಳು. ನನ್ನ ಅಕ್ಕನ ಕೂಸು ಉಳೀಲಿಲ್ಲ. ನಾ ಹೋಗಿ ತುಂಬಿ, ನಾಳೆ ಈಕಿ ಹೊಟ್ಟ್ಯಾಗಿಂದಕ್ಕ ಏನರ ಆದ್ರ, ಇವ್ರೆಲ್ಲಾ ಏನಂತಾರ? ನಾ ಏನಂದ್ಕೋಬೇಕು?"

ಹುಟ್ಟುವ ಕೂಸಿಗೂ ಅಜ್ಜಿಯ ಹಣೆಗೂ ಸಂಬಂಧವಿಲ್ಲವೆಂದು ಸಾಧಿಸಲು ನನಗೆ ಚರ್ಚೆಯ ಗಂಟೆ ಬಾರಿಸುವವರೆಗಿನ ಹೊತ್ತೂ ಬೇಕಿರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ. ಹೊರಗೆ ಅಷ್ಟು ಜನರ ಮೌನವಿತ್ತು. ಅದನ್ನು ದಾಟಿ ಬರುವ ಭಾರವನ್ನು ನಾನು ಆ ಮುದುಕಿಯ ಮೇಲೆಯೇ ಹೊರಿಸಲು ಹೋಗಿದ್ದೆ. ನವಲಗುಂದದ ಕಡೆಯ ಆ ದಪ್ಪ ಧ್ವನಿಯ ಹೆಂಗಸಿನಂಥವಳು ಒಬ್ಬಳು ಅಲ್ಲಿದ್ದು, ಬಳೆ ಸರಿಸಿಕೊಳ್ಳುತ್ತ, "ತುಂಬ್ಲಿ ಬಿಡ್ರಿ" ಎಂದಿದ್ದರೆ ಸಾಕಾಗುತ್ತಿತ್ತೇನೋ. ಮೊಮ್ಮಗಳು ಕರೆದಳು, ನಾನು ಕರೆದೆ. ಉಡಿ ತುಂಬಲು ನೆರೆದ ಮುತ್ತೈದೆಯರು ಯಾರೂ ಕರೆಯಲಿಲ್ಲ.

ಆಯಿ ಸೊಂಟದಿಂದ ಒಂದು ಖಣ ತೆಗೆದರು. ಇದೂ ಹೊಸದೇ. "ನೀ ಒಯ್ದು ಕೊಡು" ಎಂದರು. ಒಯ್ದು ಕೊಟ್ಟೆ. ಯಾರೋ ಅದನ್ನು ಉಡಿಗೆ ಹಾಕಿದರು. ಮೊಮ್ಮಗಳು ಅದನ್ನು ಕೈಯಿಂದ ಮುಟ್ಟಿ, ತಲೆ ತಗ್ಗಿಸಿ, ಎಲ್ಲ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಇದನ್ನು ಓದಿದವರಲ್ಲಿ ನನ್ನದೊಂದೇ ವಿನಂತಿ. ಮುಂದೆ ನಿಮ್ಮ ಮನೆಯಲ್ಲಿ ಯಾರ ಉಡಿಯನ್ನಾದರೂ ತುಂಬುವಾಗ, ತಟ್ಟೆಯನ್ನು ಎತ್ತಿಕೊಳ್ಳುವ ಮೊದಲು ಒಳಮನೆಗೆ ಹೋಗಿ. ಬಾಗಿಲ ಹಿಂದೆ ನಿಂತವರನ್ನು ಕೈಹಿಡಿದು ಹೊರಗೆ ಕರೆದುಕೊಂಡು ಬನ್ನಿ. ಮೊದಲ ಬೊಗಸೆ ಅಕ್ಕಿಯನ್ನು ಅವರಿಂದಲೇ ಹಾಕಿಸಿ.